ಲೆಕ್ಕದಲ್ಲಿ 3–1, ಆದರೂ ಪೆಪ್ಪೇ ದೊಡ್ಡವನು

ಮೊನ್ನೆ ರಾತ್ರಿ ಹನ್ನೊಂದೂವರೆಗೆ ಗೆಳೆಯನ ಮೆಸೇಜ್ ಬಂತು. ಹಿಂದಿಲ್ಲ ಮುಂದಿಲ್ಲ, ಒಂದೇ ಸಾಲು: "ಸ್ಯಾಡ್ಲರ್ 3, ಪೆಪ್ 1. ಇನ್ನೇನು ಮಾತು?"

ಈ ಜಗಳ ನಮ್ಮಿಬ್ಬರ ನಡುವೆ ವರ್ಷಗಳಿಂದ ನಡೆಯುತ್ತಿದೆ. ಬಾಕ್ಸರ್ ಒಬ್ಬನ ಹೆಸರು ಎಷ್ಟು ದೊಡ್ಡದು ಅಂತ ತೀರ್ಮಾನಿಸುವುದು ಅವನ ಪ್ರಕಾರ ಬಹಳ ಸುಲಭ. ಆ ಬಾಕ್ಸರನ ಅತಿ ದೊಡ್ಡ ಎದುರಾಳಿ ಯಾರು ನೋಡು, ಇಬ್ಬರೂ ಎಷ್ಟು ಸಲ ರಿಂಗ್‌ನಲ್ಲಿ ಎದುರಾದರು ನೋಡು, ಯಾರು ಜಾಸ್ತಿ ಗೆದ್ದರು ಎಣಿಸು, ಮುಗೀತು. ನನಗೆ ಈ ಎಣಿಕೆ ಮೊದಲಿನಿಂದಲೂ ಹಿಡಿಸಿಲ್ಲ. ಆದರೆ ಯಾಕೆ ಅಂತ ನೆಟ್ಟಗೆ ಹೇಳೋಕೆ ಹೋದಾಗಲೆಲ್ಲ ಅವನು ಇನ್ನೊಂದು ಜೋಡಿ ಹೆಸರು ಎಸೆದು ಮಾತು ತಪ್ಪಿಸುತ್ತಾನೆ. ಅದಕ್ಕೇ ಈ ಸಲ ಫೋನ್ ಪಕ್ಕಕ್ಕಿಟ್ಟು ಇಲ್ಲಿ ಬರೆಯುತ್ತಿದ್ದೇನೆ.

ಅವನು ಎತ್ತಿದ ಜೋಡಿಯಿಂದಲೇ ಶುರು ಮಾಡೋಣ. ವಿಲ್ಲಿ ಪೆಪ್, ಸ್ಯಾಂಡಿ ಸ್ಯಾಡ್ಲರ್, ಫೆದರ್‌ವೇಟ್ ಅನ್ನೋ ಹಗುರ ತೂಕದ ವಿಭಾಗ. 1948ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ಗೆ ಬಂದಾಗ ಪೆಪ್ ನೂರಮೂವತ್ತಕ್ಕೂ ಜಾಸ್ತಿ ಪಂದ್ಯ ಮುಗಿಸಿದ್ದ, ಸೋತಿದ್ದು ಒಂದೇ ಒಂದು. ಅದರ ನಡುವೆ 1947ರ ಜನವರಿಯಲ್ಲಿ ವಿಮಾನ ಬಿದ್ದು ಬೆನ್ನುಮೂಳೆ ಮುರಿದುಕೊಂಡು, ಅದೇ ವರ್ಷ ಮತ್ತೆ ರಿಂಗ್‌ಗೆ ಇಳಿದವನು ಆತ. ಅಂಥವನನ್ನು ಸ್ಯಾಡ್ಲರ್ ನಾಲ್ಕನೇ ರೌಂಡಿನಲ್ಲಿ ನಾಕೌಟ್ ಮಾಡಿದ. ಸರಿಯಾಗಿ ಹದಿನೈದು ವಾರ ಕಳೆದು, 1949ರ ಫೆಬ್ರವರಿ 11ಕ್ಕೆ, ಅದೇ ಗಾರ್ಡನ್‌ನಲ್ಲಿ ಪೆಪ್ ಹದಿನೈದು ರೌಂಡ್ ಓಡಾಡಿ, ಜ್ಯಾಬ್ (ಮುಂದಿನ ಕೈಯ ಚುರುಕಾದ ನೇರ ಗುದ್ದು) ಹೊಡೆದು, ಮುಖವೆಲ್ಲ ಕತ್ತರಿಸಿಕೊಂಡು, ಟೈಟಲ್ ವಾಪಸ್ ತೆಗೆದುಕೊಂಡ. ಮೂರನೇ ಪಂದ್ಯದಲ್ಲಿ ಭುಜಕ್ಕೆ ಪೆಟ್ಟಾಗಿ ಸ್ಟೂಲ್‌ನಿಂದ ಏಳಲಿಲ್ಲ. 1951ರ ನಾಲ್ಕನೆಯದು ಬಾಕ್ಸಿಂಗೇ ಅಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಎಳೆದಾಡಿ, ತಳ್ಳಾಡಿ, ಕಾಲು ಕೊಟ್ಟು ಬೀಳಿಸಿ, ಕೊನೆಗೆ ನ್ಯೂಯಾರ್ಕ್‌ನಲ್ಲಿ ಇಬ್ಬರ ಲೈಸೆನ್ಸಿಗೂ ಕುತ್ತು ತಂದುಕೊಂಡರು. ಅದರಲ್ಲೂ ಪೆಪ್ ಒಂಬತ್ತು ರೌಂಡಿಗೆ ಕೈಚೆಲ್ಲಿದ.

ಹಾಗಾಗಿ ಲೆಕ್ಕ 3–1. ಮೂರು ಸಲವೂ ಪೆಪ್‌ಗೆ ಕೊನೆಯ ಗಂಟೆವರೆಗೆ ನಿಲ್ಲೋಕೆ ಆಗಿಲ್ಲ. ಆದರೂ ಸಾರ್ವಕಾಲಿಕ ಫೆದರ್‌ವೇಟ್‌ಗಳ ಪಟ್ಟಿ ಮಾಡಿ ಅಂದರೆ ಬಹಳಷ್ಟು ಜನ ಪೆಪ್‌ನನ್ನೇ ಮೇಲೆ ಇಡುತ್ತಾರೆ. ಗೆಳೆಯನಿಗೆ ಇದು ಶುದ್ಧ ಪಕ್ಷಪಾತ. ನನಗೆ ಹಾಗನ್ನಿಸಲ್ಲ. ಜೀವನದಲ್ಲಿ ಮೊದಲ ಸಲ ನಾಕೌಟ್ ಆದವನು, ತನ್ನನ್ನು ಮಲಗಿಸಿದ ಅದೇ ಮುಷ್ಟಿಯ ಮುಂದೆ ಮೂರೂವರೆ ತಿಂಗಳಲ್ಲಿ ಹೋಗಿ ನಿಂತು, ತಪ್ಪು ತಿದ್ದಿಕೊಂಡು ಗೆದ್ದ. ಆ ಒಂದು ರಾತ್ರಿಯಲ್ಲಿ ಅವನ ಬಗ್ಗೆ ಗೊತ್ತಾಗುವಷ್ಟು ಉಳಿದ ನೂರಾರು ಗೆಲುವುಗಳಲ್ಲಿ ಗೊತ್ತಾಗಲ್ಲ.

ನನ್ನ ವಾದ ಇಷ್ಟೇ. ಮೊದಲ ಪಂದ್ಯ ಒಂದು ಪ್ರಶ್ನೆ ಎತ್ತುತ್ತದೆ, ಎರಡನೆಯದು ಅದಕ್ಕೆ ಉತ್ತರ. ಉತ್ತರ ಯಾರು ಕೊಟ್ಟರು, ಎಷ್ಟು ಬೇಗ ಕೊಟ್ಟರು, ಕೊಡುವಾಗ ಎದುರಿಗಿದ್ದವನು ಇನ್ನೂ ಗಟ್ಟಿಯಾಗಿದ್ದನಾ, ಇದನ್ನು ನೋಡಬೇಕು. ಸುಮ್ನೆ ಎಣಿಸಿದರೆ ಇದೆಲ್ಲ ಸೋರಿಹೋಗುತ್ತದೆ.

ಎಣಿಕೆ ಎಷ್ಟು ದಡ್ಡ ಅಂತ ತೋರಿಸೋಕೆ ಜೋ ಲೂಯಿಸ್, ಮ್ಯಾಕ್ಸ್ ಶ್ಮೆಲಿಂಗ್ ಸಾಕು. ಇವರ ಲೆಕ್ಕ 1–1. ಸಮ. ಇವರಿಬ್ಬರೂ ಸಮ ಅಂತ ಎಂದಾದರೂ ಯಾರಾದರೂ ಹೇಳಿದ್ದು ಕೇಳಿದ್ದೀರಾ? 1936ರ ಜೂನ್‌ನಲ್ಲಿ ಶ್ಮೆಲಿಂಗ್ ಮನೆಪಾಠ ಮಾಡಿಕೊಂಡು ಬಂದಿದ್ದ. ಲೂಯಿಸ್ ಜ್ಯಾಬ್ ಹೊಡೆದ ಮೇಲೆ ಎಡಗೈ ಸ್ವಲ್ಪ ಕೆಳಗೆ ಬಿಡುತ್ತಾನೆ ಅಂತ ಪತ್ತೆ ಮಾಡಿ, ಆ ಸಂದಿಯಲ್ಲಿ ಬಲಗೈ ನುಗ್ಗಿಸಿ ನುಗ್ಗಿಸಿ ಹನ್ನೆರಡನೇ ರೌಂಡಿನಲ್ಲಿ ಮಲಗಿಸಿದ. ವೃತ್ತಿಪರನಾಗಿ ಲೂಯಿಸ್‌ಗೆ ಅದು ಮೊದಲ ಸೋಲು. ಎರಡು ವರ್ಷದ ನಂತರ, 1938ರ ಜೂನ್ 22ಕ್ಕೆ, ಅದೇ ಯಾಂಕಿ ಸ್ಟೇಡಿಯಂನಲ್ಲಿ 124 ಸೆಕೆಂಡ್‌ಗೆ ಕತೆ ಮುಗಿಯಿತು. ಜರ್ಮನಿಯಲ್ಲಿ ಹಿಟ್ಲರ್ ಇದ್ದ ಕಾಲ, ಅಮೆರಿಕದಲ್ಲಿ ಕರಿಯ ಚಾಂಪಿಯನ್‌ಗೆ ಬಿಳಿಯರೂ ಚಪ್ಪಾಳೆ ತಟ್ಟಿದ ಅಪರೂಪದ ರಾತ್ರಿ. ಇವೆಲ್ಲ ಆ ಎರಡು ನಿಮಿಷದ ಮೇಲೆ ಬಂದು ಕೂತವು. ಲೂಯಿಸ್ 25 ಸಲ ಟೈಟಲ್ ಉಳಿಸಿಕೊಂಡ, ನಿಜ. ಆದರೆ ಅವನ ಹೆಸರು ನಿಂತಿರುವುದು ಈ 124 ಸೆಕೆಂಡ್ ಮೇಲೆ. ಮೊದಲು ಸೋಲದೇ ಇದ್ದಿದ್ದರೆ ಆ ರಾತ್ರಿಗೆ ಆ ತೂಕ ಬರುತ್ತಲೇ ಇರಲಿಲ್ಲ.

(ಶ್ಮೆಲಿಂಗ್‌ನ ಕತೆಯೂ ಅಲ್ಲಿಗೆ ಮುಗಿಯಲಿಲ್ಲ. ಯುದ್ಧ ಮುಗಿದ ಮೇಲೆ ಇಬ್ಬರೂ ಸ್ನೇಹಿತರಾದರು. 1981ರಲ್ಲಿ ಲೂಯಿಸ್ ಸತ್ತಾಗ ಅಂತ್ಯಕ್ರಿಯೆಯ ಖರ್ಚಿಗೆ ಶ್ಮೆಲಿಂಗ್ ಹಣ ಕೊಟ್ಟ.)

ಈಗ ನನಗೆ ಅತಿ ಹೆಚ್ಚು ಕಾಡುವ ಜೋಡಿ. ರೊಬೆರ್ಟೊ ಡುರಾನ್, ಶುಗರ್ ರೇ ಲಿಯೊನಾರ್ಡ್. 1980ರ ಜೂನ್, ಮಾಂಟ್ರಿಯಲ್. ಡುರಾನ್ ಆಗ 71 ಗೆದ್ದು ಒಂದು ಸೋತವನು, ಲೈಟ್‌ವೇಟ್‌ನಿಂದ ಮೇಲೆ ಬಂದವನು. ಲಿಯೊನಾರ್ಡ್ ಒಂದೂ ಸೋಲದ, ಒಲಿಂಪಿಕ್ ಚಿನ್ನ ಗೆದ್ದ ಚೆಲುವ. ಪಂದ್ಯಕ್ಕೆ ಮುಂಚೆ ಡುರಾನ್ ಅವನನ್ನು, ಅವನ ಹೆಂಡತಿಯನ್ನೂ ಬಿಡದೆ ಬೈದು ರೇಗಿಸಿದ, ರೇಗಿದ ಲಿಯೊನಾರ್ಡ್ ತನ್ನ ಆಟ ಬಿಟ್ಟು ಡುರಾನ್‌ನ ಆಟ ಆಡಿದ. ಎದೆಗೆ ಎದೆ ಕೊಟ್ಟು ಹದಿನೈದು ರೌಂಡ್ ಬಡಿದಾಡಿ ಸೋತ. ಅಲ್ಲಿಗೆ ಡುರಾನ್ ಆಕಾಶದಲ್ಲಿದ್ದ. ತಿಂದ, ಕುಡಿದ, ದಪ್ಪ ಆದ. ಲಿಯೊನಾರ್ಡ್ ಏನು ಮಾಡಿದ ಗೊತ್ತಾ? ಇವನು ಹೀಗೇ ಆಗುತ್ತಾನೆ ಅಂತ ಲೆಕ್ಕ ಹಾಕಿ, ರೀಮ್ಯಾಚ್, ಅಂದರೆ ಅದೇ ಜೋಡಿಯ ಮರುಪಂದ್ಯ, ಬೇಗ ಆಗಲಿ ಅಂತ ಹಿಡಿದು ಕೂತ. ಐದೇ ತಿಂಗಳು. ನವೆಂಬರ್ 25, ನ್ಯೂ ಆರ್ಲಿಯನ್ಸ್. ಈ ಸಲ ಲಿಯೊನಾರ್ಡ್ ನಿಂತಲ್ಲಿ ನಿಲ್ಲಲಿಲ್ಲ. ಕುಣಿದ, ಮುಖ ಮುಂದೆ ಚಾಚಿ ಹಂಗಿಸಿದ, ಏಳನೇ ರೌಂಡಿನಲ್ಲಿ ಬಲಗೈಯನ್ನು ಗಿರಗಿರ ತಿರುಗಿಸಿ ತೋರಿಸಿ ಎಡಗೈಯಿಂದ ಮೂತಿಗೆ ಒಂದು ಕೊಟ್ಟ. ಜನ ನಕ್ಕರು. ಎಂಟನೇ ರೌಂಡಿನಲ್ಲಿ ಡುರಾನ್ ಬೆನ್ನು ತಿರುಗಿಸಿ ಕೈ ಬೀಸಿಬಿಟ್ಟ. ನೋ ಮಾಸ್. ಸಾಕು.

ಆ ಎರಡು ಪದ ತಾನು ಹೇಳೇ ಇಲ್ಲ ಅಂತ ಡುರಾನ್ ಆಮೇಲೆ ವಾದಿಸಿದ. ಹೇಳಿದನೋ ಬಿಟ್ಟನೋ, ಅದು ಅವನ ಹಣೆಗೆ ಅಂಟಿತು. ಮುಂದೆ 1983ರಲ್ಲಿ ಡೇವಿ ಮೂರ್‌ನನ್ನು ಬಡಿದ. ಅದೇ ವರ್ಷ ಮಾರ್ವಿನ್ ಹ್ಯಾಗ್ಲರ್ ಎದುರು ಹದಿನೈದು ರೌಂಡ್ ನಿಂತ. 1989ರಲ್ಲಿ, 37ರ ವಯಸ್ಸಿನಲ್ಲಿ, ತನಗಿಂತ ಎಷ್ಟೋ ದೊಡ್ಡ ಆಳು ಇರಾನ್ ಬಾರ್ಕ್ಲಿಯನ್ನು ಸೋಲಿಸಿ ನಾಲ್ಕನೇ ತೂಕದ ವಿಭಾಗದಲ್ಲಿ ಟೈಟಲ್ ಹೊತ್ತ. ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಎದುರಿಗಿದ್ದವರು "ಹೌದು, ಆದರೆ ನೋ ಮಾಸ್..." ಅಂತ ಶುರು ಮಾಡಿರುತ್ತಾರೆ. ಲಿಯೊನಾರ್ಡ್ ಗೆದ್ದಿದ್ದು ಮೋಸ ಅಲ್ಲ, ಆದರೆ ಮಾಂಟ್ರಿಯಲ್‌ನ ಡುರಾನ್‌ನನ್ನು ಅವನು ಸೋಲಿಸಲಿಲ್ಲ, ಬೇರೆ ಯಾರನ್ನೋ ಸೋಲಿಸಿದ ಅನ್ನೋದು ನನ್ನ ಅಭಿಪ್ರಾಯ. ಇದಕ್ಕೆ ಗೆಳೆಯ ಒಂದೇ ಮಾತು ಹೇಳಿದ: "ಒಪ್ಪಂದಕ್ಕೆ ಸಹಿ ಹಾಕಿದ್ದು ಯಾರ ಕೈ?" ಡುರಾನ್‌ದೇ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಆದರೆ ಇದೇ ಲಿಯೊನಾರ್ಡ್ ರೀಮ್ಯಾಚ್ ವಿಷಯದಲ್ಲಿ ಎಷ್ಟು ಜಾಣ ಅಂತ ನೋಡಬೇಕಾದರೆ ಹ್ಯಾಗ್ಲರ್ ಹತ್ತಿರ ಬರಬೇಕು. ಐದು ವರ್ಷದಲ್ಲಿ ಒಂದೇ ಒಂದು ಪಂದ್ಯ ಆಡಿದ್ದ ಲಿಯೊನಾರ್ಡ್ 1987ರ ಏಪ್ರಿಲ್ 6ಕ್ಕೆ ಲಾಸ್ ವೇಗಸ್‌ನಲ್ಲಿ ಹ್ಯಾಗ್ಲರ್‌ನನ್ನು ಸ್ಪ್ಲಿಟ್ ಡಿಸಿಷನ್‌ನಲ್ಲಿ, ಅಂದರೆ ಮೂವರು ಜಡ್ಜ್‌ಗಳಲ್ಲಿ ಇಬ್ಬರ ತೀರ್ಪಿನಿಂದ, ಸೋಲಿಸಿದ. ಒಬ್ಬ ಜಡ್ಜ್ 118–110 ಅಂತ ಲಿಯೊನಾರ್ಡ್‌ಗೆ ಕೊಟ್ಟ, ಇನ್ನೊಬ್ಬ 115–113 ಅಂತ ಹ್ಯಾಗ್ಲರ್‌ಗೆ. ಒಂದೇ ಪಂದ್ಯ ನೋಡಿದರಾ ಇಬ್ಬರೂ? ಹ್ಯಾಗ್ಲರ್ ರೀಮ್ಯಾಚ್‌ಗೆ ಕಾದ. ಬರಲಿಲ್ಲ. 1988ರಲ್ಲಿ ನಿವೃತ್ತಿ ಹೇಳಿ ಇಟಲಿಗೆ ಹೋದ, ಸಿನಿಮಾದಲ್ಲಿ ನಟಿಸಿದ, ಮತ್ತೆ ಗ್ಲೌಸ್ ಹಾಕಲೇ ಇಲ್ಲ. ದುಡ್ಡಿನ ಆಸೆ ತೋರಿಸಿದರೆ ಯಾವ ಬಾಕ್ಸರ್ ಬೇಕಾದರೂ ನಲವತ್ತರಲ್ಲಿ ವಾಪಸ್ ಬರುವ ಈ ಆಟದಲ್ಲಿ ಅವನು ಬರಲಿಲ್ಲ. ವಿಚಿತ್ರ ಏನೆಂದರೆ, ಆ ಆಗದೇ ಉಳಿದ ರೀಮ್ಯಾಚ್ ಹ್ಯಾಗ್ಲರ್‌ನ ಹೆಸರನ್ನು ಬೆಳೆಸಿತು. ಸೋತ ಪಂದ್ಯ ಇವತ್ತಿಗೂ ಸೋಲು ಅನ್ನಿಸಿಕೊಳ್ಳದೆ ಚರ್ಚೆಯಾಗಿಯೇ ಉಳಿದಿದೆ. ಲಿಯೊನಾರ್ಡ್ ತಾನು ಹಿಂದೆ ಸೋಲಿಸಿದ್ದ ಥಾಮಸ್ ಹರ್ನ್ಸ್‌ಗೆ ಮಾತ್ರ ರೀಮ್ಯಾಚ್ ಕೊಟ್ಟ, ಅದೂ ಎಂಟು ವರ್ಷ ತಡವಾಗಿ, 1989ರಲ್ಲಿ. ಹರ್ನ್ಸ್ ಅವನನ್ನು ಎರಡು ಸಲ ನೆಲಕ್ಕೆ ಕೆಡವಿದರೂ ಡ್ರಾ ಅಂತ ಕೊಟ್ಟರು. ಹರ್ನ್ಸ್ ಗೆದ್ದ ಅಂತಲೇ ಬಹಳ ಜನರ ಲೆಕ್ಕ, ನನ್ನದೂ.

ಇಲ್ಲಿ ಗೆಳೆಯ ಲೆನಾಕ್ಸ್ ಲೂಯಿಸ್‌ನನ್ನು ತಂದ. ಎರಡೇ ಸೋಲು, ಎರಡಕ್ಕೂ ಬಡ್ಡಿ ಸಮೇತ ವಾಪಸ್ ಕೊಟ್ಟ. ಹಸೀಂ ರಹಮಾನ್ 2001ರ ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಮಲಗಿಸಿದ, ನವೆಂಬರ್‌ನಲ್ಲಿ ಲೂಯಿಸ್ ನಾಲ್ಕೇ ರೌಂಡಿಗೆ ಅವನನ್ನು ಮಲಗಿಸಿದ. ಅದು ಚೆಂದ, ಒಪ್ಪುತ್ತೇನೆ. ಆದರೆ ಆಲಿವರ್ ಮೆಕ್‌ಕಾಲ್? 1994ರಲ್ಲಿ ಸೋಲಿಸಿದ್ದ ಮೆಕ್‌ಕಾಲ್ 1997ರ ರೀಮ್ಯಾಚ್‌ನಲ್ಲಿ ಗ್ಲೌಸ್ ಕೆಳಗಿಳಿಸಿ, ರಿಂಗ್‌ನಲ್ಲೇ ಅಳುತ್ತಾ ಓಡಾಡಿದ, ಐದನೇ ರೌಂಡಿನಲ್ಲಿ ರೆಫರಿ ನಿಲ್ಲಿಸಿದ. ದಾಖಲೆಯಲ್ಲಿ ಸೇಡು ತೀರಿದೆ. ಆ ವಿಡಿಯೋ ನೋಡಿ ಬಂದು ಸೇಡು ತೀರಿತು ಅಂತ ಹೇಳೋಕೆ ನನಗಂತೂ ಬಾಯಿ ಬರಲ್ಲ. ಜೊತೆಗೆ, 2003ರಲ್ಲಿ ವಿಟಾಲಿ ಕ್ಲಿಚ್ಕೊ ಮೂರೂ ಜಡ್ಜ್‌ಗಳ ಕಾರ್ಡಿನಲ್ಲಿ ಮುಂದೆ ಇದ್ದಾಗ ಅವನ ಕಣ್ಣಿನ ಮೇಲಿನ ಗಾಯಕ್ಕೆ ಪಂದ್ಯ ನಿಂತು ಲೂಯಿಸ್ ಗೆದ್ದನಲ್ಲ, ಆ ರೀಮ್ಯಾಚ್ ಕೊಡದೆ ಲೂಯಿಸ್ ನಿವೃತ್ತನಾದ. ಸೋತಾಗ ರೀಮ್ಯಾಚ್ ಬೇಕು, ಕಷ್ಟಪಟ್ಟು ಗೆದ್ದಾಗ ಬೇಡ. ಮನುಷ್ಯ ಸಹಜ ಬಿಡಿ, ಆದರೆ ಲೆಕ್ಕಕ್ಕೆ ಇದೂ ಸೇರಬೇಕು ಅಲ್ವಾ?

ಎಣಿಕೆಯ ಹೊಟ್ಟೆಗೆ ನೇರ ಗುದ್ದು ಬೇಕೆಂದರೆ ರಿಡಿಕ್ ಬೋವ್. ಹೋಲಿಫೀಲ್ಡ್ ಜೊತೆ ಮೂರು ಪಂದ್ಯ, 1992, 1993, 1995. ಬೋವ್ 2, ಹೋಲಿಫೀಲ್ಡ್ 1. ಬೋವ್ ಇಡೀ ವೃತ್ತಿಜೀವನದಲ್ಲಿ ಸೋತಿದ್ದೇ ಆ ಒಂದು ಪಂದ್ಯ, ಅದಕ್ಕೂ ಎಂಟನೇ ರೌಂಡಿನ ನಿಲುಗಡೆಯಲ್ಲಿ ಲೆಕ್ಕ ಚುಕ್ತಾ ಮಾಡಿದ. ಗೆಳೆಯನ ಸೂತ್ರ ಹಿಡಿದರೆ ಬೋವ್ ಹೋಲಿಫೀಲ್ಡ್‌ಗಿಂತ ದೊಡ್ಡವನು. ಅದನ್ನು ಅವನೇ ಒಪ್ಪಲ್ಲ! ಯಾಕೆಂದರೆ ಬೋವ್‌ಗೆ ಇನ್ನೊಂದು ರೀಮ್ಯಾಚ್ ಬಾಕಿ ಇತ್ತು. 1988ರ ಸಿಯೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅವನನ್ನು ಸೋಲಿಸಿದ್ದು ಇದೇ ಲೆನಾಕ್ಸ್ ಲೂಯಿಸ್. ಅವನೊಂದಿಗೆ ಆಡುವ ಬದಲು ಬೋವ್ ತನ್ನ ಡಬ್ಲ್ಯೂಬಿಸಿ (ವಿಶ್ವ ಬಾಕ್ಸಿಂಗ್ ಕೌನ್ಸಿಲ್) ಚಾಂಪಿಯನ್ ಬೆಲ್ಟನ್ನು ಕ್ಯಾಮೆರಾ ಮುಂದೆ ಕಸದ ಡಬ್ಬಿಗೆ ಹಾಕಿದ. ಮೂರು ಅದ್ಭುತ ಪಂದ್ಯಗಳ ಪಕ್ಕದಲ್ಲಿ ಆ ಡಬ್ಬಿಯೂ ಇವತ್ತಿಗೂ ಕೂತಿದೆ.

ಪ್ಯಾಕಿಯಾವ್, ಮಾರ್ಕೆಸ್ ಬಗ್ಗೆ ನಾವಿಬ್ಬರೂ ಒಂದು ವಾರ ಮಾತು ಬಿಟ್ಟಿದ್ದೂ ಉಂಟು. ನಾಲ್ಕು ಪಂದ್ಯ, 42 ರೌಂಡ್. 2004ರಲ್ಲಿ ಮೊದಲ ರೌಂಡಿನಲ್ಲೇ ಮಾರ್ಕೆಸ್ ಮೂರು ಸಲ ಬಿದ್ದ, ಎದ್ದ, ಕೊನೆಗೆ ಡ್ರಾ ಮಾಡಿಕೊಂಡ. ಅದರಲ್ಲೂ ಒಬ್ಬ ಜಡ್ಜ್ ಆ ರೌಂಡಿಗೆ 10–6 ಬರೆಯೋ ಬದಲು 10–7 ಬರೆದು ತಪ್ಪೊಪ್ಪಿಕೊಂಡ, ಇಲ್ಲದಿದ್ದರೆ ಪ್ಯಾಕಿಯಾವ್ ಗೆದ್ದಿರುತ್ತಿದ್ದ. 2008, 2011 ಎರಡೂ ಕೂದಲೆಳೆಯಲ್ಲಿ ಪ್ಯಾಕಿಯಾವ್‌ಗೆ. ಆಮೇಲೆ 2012ರ ಡಿಸೆಂಬರ್ 8. ಆರನೇ ರೌಂಡ್ ಮುಗಿಯಲು ಒಂದು ಸೆಕೆಂಡ್ ಇರುವಾಗ ಮಾರ್ಕೆಸ್‌ನ ಬಲಗೈ. ಪ್ಯಾಕಿಯಾವ್ ಮುಖ ಅಡಿಯಾಗಿ ಬಿದ್ದು ಅಲುಗಾಡಲಿಲ್ಲ. ಲೆಕ್ಕ ಪ್ಯಾಕಿಯಾವ್ 2, ಮಾರ್ಕೆಸ್ 1, ಒಂದು ಡ್ರಾ. ಆದರೆ ಆ ನಾಲ್ಕು ಪಂದ್ಯಗಳಲ್ಲಿ ಒಂದನ್ನು ನೆನಪಿಸಿಕೊಳ್ಳಿ ಅಂದರೆ ಯಾವುದು ನೆನಪಾಗುತ್ತದೆ ಹೇಳಿ. ಐದನೇ ಪಂದ್ಯಕ್ಕೆ ಮಾರ್ಕೆಸ್ ಒಪ್ಪಲಿಲ್ಲ. ಹೆದರಿದ ಅಂತಾನೆ ಗೆಳೆಯ. ನಾನು ಹೇಳೋದು, ಹೇಳಬೇಕಾದ್ದು ಹೇಳಿ ಮುಗಿಸಿದವನು ಯಾಕೆ ಮತ್ತೆ ಬಾಯಿ ತೆಗೆಯಬೇಕು?

ಇಲ್ಲಿ ಒಂದು ಸೂಕ್ಷ್ಮ ಇದೆ. ಆ ನಾಕೌಟ್‌ನಿಂದ ಪ್ಯಾಕಿಯಾವ್‌ನ ಹೆಸರಿಗೆ ಅಂಥ ಧಕ್ಕೆ ಆಗಲಿಲ್ಲ. ಎಂಟು ತೂಕದ ವಿಭಾಗಗಳಲ್ಲಿ ಟೈಟಲ್ ಗೆದ್ದವನಿಗೆ ನಿಲ್ಲೋಕೆ ಬೇರೆ ನೆಲ ಇತ್ತು. ಮಾರ್ಕೆಸ್‌ಗೆ ಮಾತ್ರ ಆ ಒಂದು ಏಟು ಅರ್ಧ ಜೀವನ. ಜಿದ್ದಿನ ತೂಕ ಇಬ್ಬರ ಮೇಲೂ ಒಂದೇ ಥರ ಬೀಳಲ್ಲ.

ಅಲಿ, ಫ್ರೇಜಿಯರ್ ಬಗ್ಗೆ ಬರೆಯದೆ ಇದ್ದರೆ ಬೈಯುತ್ತೀರಿ, ಬರೆದರೆ ಎಲ್ಲ ಗೊತ್ತಿರೋದೇ. 1971ರ ಮಾರ್ಚ್ 8, ಫ್ರೇಜಿಯರ್. 1974ರ ಜನವರಿ, ಅಲಿ. 1975ರ ಅಕ್ಟೋಬರ್ 1, ಮನಿಲಾ, ಹದಿನಾಲ್ಕು ರೌಂಡ್ ಆದ ಮೇಲೆ ಫ್ರೇಜಿಯರ್‌ಗೆ ಬರುವ ಏಟು ಕಾಣದಷ್ಟು ಕಣ್ಣು ಊದಿತ್ತು, ಟ್ರೇನರ್ ಎಡ್ಡಿ ಫಚ್ ಸಾಕು ಅಂದ. 2–1. ಗೆಳೆಯನ ಪ್ರಕಾರ ಫ್ರೇಜಿಯರ್ ಅಂದರೆ ಅಲಿಯ ಕತೆಯಲ್ಲಿ ಒಂದು ಅಧ್ಯಾಯ. ನಾನು ಅವನಿಗೆ ಫ್ರೇಜಿಯರ್‌ನ ಸೋಲುಗಳನ್ನು ಕಳಿಸಿದೆ. ಇಡೀ ಜೀವನದಲ್ಲಿ ನಾಲ್ಕು. ಎರಡು ಅಲಿಗೆ, ಎರಡು ಜಾರ್ಜ್ ಫೋರ್‌ಮನ್‌ಗೆ. ಬೇರೆ ಯಾರ ಕೈಯಲ್ಲೂ ಇಲ್ಲ. ಫ್ರೇಜಿಯರ್ ಇರದಿದ್ದರೆ ಅಲಿ ಎಷ್ಟು ಏಟು ತಿನ್ನಬಲ್ಲ ಅಂತ ಜಗತ್ತಿಗೆ ಗೊತ್ತಾಗುತ್ತಿತ್ತಾ? ಆದರೆ ಇದಕ್ಕೆ ಫ್ರೇಜಿಯರ್ ತೆತ್ತ ಬೆಲೆ ರಿಂಗ್ ಒಳಗಿನದಲ್ಲ. ಅಲಿಗೆ ರಿಂಗ್‌ಗೆ ಇಳಿಯದಂತೆ ನಿಷೇಧ ಇದ್ದಾಗ ಸಹಾಯ ಮಾಡಿದವನು ಈ ಫ್ರೇಜಿಯರ್. ಟಿಕೆಟ್ ಮಾರೋಕೆ ಅಂತ ಅಲಿ ಅವನನ್ನೇ ಗೊರಿಲ್ಲಾ ಅಂದ. ಆ ನೋವು ದಶಕಗಳ ಕಾಲ ಹೋಗಲಿಲ್ಲ. ಅಲಿಯ ಅಭಿಮಾನಿಯಾಗಿ ಇದನ್ನು ಬರೆಯೋಕೆ ನನಗೆ ಮುಜುಗರ.

ಫೋರ್‌ಮನ್ ಅಂದೆನಲ್ಲ, 1974ರಲ್ಲಿ ಕಿನ್ಶಾಸಾದಲ್ಲಿ ಅಲಿಗೆ ಸೋತ ಮೇಲೆ ಅವನಿಗೆ ರೀಮ್ಯಾಚ್ ಸಿಗಲೇ ಇಲ್ಲ. ಇಪ್ಪತ್ತು ವರ್ಷ ಕಳೆದು, 1994ರ ನವೆಂಬರ್ 5ಕ್ಕೆ, 45ರ ವಯಸ್ಸಿನಲ್ಲಿ ಆಗಿನ ಹೆವಿವೇಟ್ ಚಾಂಪಿಯನ್ ಮೈಕಲ್ ಮೂರರ್ ಎದುರು ನಿಂತ. ಕಿನ್ಶಾಸಾದಲ್ಲಿ ಹಾಕಿದ್ದ ಅದೇ ಚಡ್ಡಿ. ಅವತ್ತು ಅಲಿಯ ಕಾರ್ನರ್‌ನಲ್ಲಿದ್ದ ಟ್ರೇನರ್ ಆಂಜೆಲೊ ಡಂಡೀ ಈ ಸಲ ಫೋರ್‌ಮನ್‌ನ ಕಾರ್ನರ್‌ನಲ್ಲಿ. ಒಂಬತ್ತು ರೌಂಡ್ ಏಟು ತಿಂದು ಹತ್ತನೆಯದರಲ್ಲಿ ಒಂದು ಬಲಗೈ, ಮೂರರ್ ಮಲಗಿದ. ಎದುರಾಳಿಯೇ ಇಲ್ಲದೆ ಆಡಿದ ರೀಮ್ಯಾಚ್ ಅದು ಅಂತ ನಾನು ಅಂದುಕೊಂಡಿದ್ದೇನೆ. ನನ್ನ ಪಟ್ಟಿಯಲ್ಲಿ ಇದಕ್ಕೇ ಮೊದಲ ಸ್ಥಾನ, ಗೆಳೆಯ ನಗಲಿ.

ಈಗಿನವು ಬೇರೆ ಥರ. ಒಪ್ಪಂದದಲ್ಲೇ ರೀಮ್ಯಾಚ್ ಷರತ್ತು ಇರುತ್ತದೆ, ಮೊದಲ ಪಂದ್ಯ ಪ್ರಶ್ನೆ ಎತ್ತಲಿ ಬಿಡಲಿ ಎರಡನೆಯದು ಬಂದೇ ಬರುತ್ತದೆ. 2019ರ ಜೂನ್‌ನಲ್ಲಿ ಆಂಡಿ ರೂಯಿಸ್ ಜೋಶುವಾನನ್ನು ಕೆಡವಿದ, ಡಿಸೆಂಬರ್‌ನ ರೀಮ್ಯಾಚ್‌ಗೆ ಇನ್ನೂ ದಪ್ಪ ಆಗಿ ಬಂದು ಸೋತ. ಡುರಾನ್ ಕತೆಯೇ, ಆದರೆ ಡುರಾನ್ ಇಲ್ಲದೆ. ಕನೆಲೊ, ಗೊಲೊವ್‌ಕಿನ್ ಮೂರನೇ ಪಂದ್ಯ ಆಗುವ ಹೊತ್ತಿಗೆ ಗೊಲೊವ್‌ಕಿನ್‌ಗೆ ನಲವತ್ತು. ಅದನ್ನು ನಾನು ಲೆಕ್ಕಕ್ಕೇ ತಗೊಳ್ಳಲ್ಲ. ಉಸಿಕ್ ಮಾತ್ರ ಬೇರೆ. ಜೋಶುವಾನನ್ನು ಎರಡು ಸಲ, 2024ರಲ್ಲಿ ಫ್ಯೂರಿಯನ್ನು ಮೇ ತಿಂಗಳಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಇನ್ನೊಮ್ಮೆ. ಮೊದಲ ಸಲ ಗೆದ್ದವನೇ ಎರಡನೇ ಸಲವೂ ಹೊಸದೇನೋ ಕಲಿತು ಬರೋದು ಅಪರೂಪ, ಸಾಮಾನ್ಯವಾಗಿ ಸೋತವನಿಗೆ ಮಾತ್ರ ಹಸಿವು ಇರುತ್ತದೆ.

ಒಂದು ಲೆಕ್ಕ ಮಾತ್ರ ನಮ್ಮಿಬ್ಬರ ಜಗಳದಲ್ಲಿ ಯಾರೂ ಎತ್ತಲ್ಲ. ಎಮಿಲ್ ಗ್ರಿಫಿತ್, ಬೆನ್ನಿ ಪಾರೆಟ್. 1961ರಲ್ಲಿ ಎರಡು ಪಂದ್ಯ, 1–1. ಮೂರನೆಯದು 1962ರ ಮಾರ್ಚ್ 24. ತೂಕ ನೋಡುವ ಹೊತ್ತಿನಲ್ಲಿ ಪಾರೆಟ್ ಕೆಟ್ಟ ಮಾತಾಡಿದ್ದ. ಹನ್ನೆರಡನೇ ರೌಂಡಿನಲ್ಲಿ ಮೂಲೆಗೆ ಸಿಕ್ಕ ಅವನ ಮೇಲೆ ಗ್ರಿಫಿತ್ ನಿಲ್ಲಿಸದೆ ಬಾರಿಸಿದ. ಹತ್ತು ದಿನ ಕಳೆದು ಪಾರೆಟ್ ಸತ್ತ. ಗ್ರಿಫಿತ್ ಆಮೇಲೆ ಎಷ್ಟೋ ವರ್ಷ ಆಡಿದ, ಆದರೆ ಆ ರಾತ್ರಿ ಅವನನ್ನು ಸಾಯುವವರೆಗೂ ಬಿಡಲಿಲ್ಲ. 2–1 ಅಂತ ಬರೆಯಬಹುದು, ಬರೆದಿದ್ದಾರೆ ಕೂಡ.

ಇಷ್ಟನ್ನೂ ತುಂಡು ತುಂಡಾಗಿ ಗೆಳೆಯನಿಗೆ ಕಳಿಸಿದ್ದೆ. ಎರಡು ದಿನ ಸುಮ್ಮನಿದ್ದ. ನಿನ್ನೆ ಉತ್ತರ ಬಂತು. "ಸರಿ, ಬೋವ್ ವಿಷಯ ಒಪ್ಪಿದೆ. ಆದರೆ ಸ್ಯಾಡ್ಲರ್ 103 ನಾಕೌಟ್ ಮಾಡಿದವನು, ನಿನ್ನ ಪೆಪ್ ಪುರಾಣದಲ್ಲಿ ಅವನಿಗೆ ಒಂದು ಸಾಲು ಜಾಗ ಕೊಟ್ಟೆಯಾ?" ಕೊಟ್ಟಿರಲಿಲ್ಲ, ನಿಜ. ಅದರ ಕೆಳಗೆ ಇನ್ನೊಂದು ಸಾಲು: "ರಾಬಿನ್‌ಸನ್, ಲಾಮೊಟಾ. ಆರು ಪಂದ್ಯ. 5–1. ಇಲ್ಲೂ ಎಣಿಸಬಾರದಾ?"

ಆ ಒಂದು ಸೋಲಿಗೆ ರಾಬಿನ್‌ಸನ್ 21 ದಿನದಲ್ಲಿ, ಅದೇ ಡೆಟ್ರಾಯ್ಟ್‌ನಲ್ಲಿ, ಉತ್ತರ ಕೊಟ್ಟಿದ್ದ. ಅದನ್ನೇ ಟೈಪ್ ಮಾಡೋಕೆ ಶುರು ಮಾಡಿದೆ, ಆಮೇಲೆ ಅಳಿಸಿದೆ. ಯಾಕೆಂದರೆ 5–1 ಅಂದರೆ 5–1.